ಕಾವಲುಗಾರನ ನಿದ್ದೆ

'ಪಾಳಿ' ಎಂಬುದು ನಮ್ಮ ಕಡೆಯ ಬಾಳಿನಲ್ಲಿ ಬಹು ಬಳಕೆಯ ಮಾತು. ಮಲಪ್ರಭೆಯ ಕಾಲುವೆ ಹರಿಯುವ ಸೀಮೆಯಲ್ಲಿ ನೀರಿನ ಪಾಳಿಯುಂಟು. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿಗಳ ಪಾಳಿಯುಂಟು. ಅಣ್ಣತಮ್ಮಂದಿರು ಬೇರೆಯಾದ ಮನೆಗಳಲ್ಲಿ ಮುಪ್ಪಿನ ತಾಯಿಯನ್ನು ನೋಡಿಕೊಳ್ಳುವ ಪಾಳಿಯೂ ಉಂಟು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯೂ ಬಟ್ಟೆಯ ಗಿರಣಿಗಳೂ ಬಂದ ಮೇಲೆ ಈ ಮಾತಿಗೆ ಭೋಂಗಾದ ದನಿಯೂ ಗಡಿಯಾರದ ಮುಳ್ಳೂ ಸೇರಿಕೊಂಡವು. ಆದರೆ ಈ ಎಲ್ಲ ಬಳಕೆಗಳ ಹಿಂದೆ ಇರುವ ಒಪ್ಪಂದ ಒಂದೇ: ನನ್ನ ಸರದಿ ಮುಗಿದ ಮೇಲೆ ನಿನ್ನದು. ಪಾಳಿಯೆಂದ ಮೇಲೆ ಒಪ್ಪಿಸುವವನು ಒಬ್ಬನಿರಬೇಕು, ಒಪ್ಪಿಸಿಕೊಳ್ಳುವವನು ಇನ್ನೊಬ್ಬನಿರಬೇಕು. ಎರಡನೆಯವನು ಬಾರದೆ ಹೋದರೆ ಮೊದಲನೆಯವನು ಮಾಡುವ ಕೆಲಸಕ್ಕೆ ಬೇರೇನಾದರೂ ಹೆಸರು ಕೊಡಬಹುದು, ಪಾಳಿಯೆನ್ನುವಂತಿಲ್ಲ.

ಇಂದು ನಾನು ಹೇಳಹೊರಟಿರುವುದು ಹೀಗೆ ಎರಡನೆಯವನಿಗಾಗಿ ಕಾಯುತ್ತ ನಿಂತಿರುವ ಪೋಲೀಸರ ಸಂಗತಿ. ಅವರ ಶೌರ್ಯವನ್ನು ಕುರಿತು ಸಿನಿಮಾಗಳಿವೆ, ಅವರ ಲಂಚವನ್ನು ಕುರಿತು ನಗೆಹನಿಗಳಿವೆ, ಅವರ ದಬ್ಬಾಳಿಕೆಯನ್ನು ಕುರಿತು ವರದಿಗಳಿವೆ. ಅವರ ನಿದ್ದೆಯನ್ನು ಕುರಿತು ಮಾತು ಕಡಮೆ. ಅದು ಅವರ ಮನೆಯ ವಿಷಯವೆಂದು ನಾವು ತಿಳಿದಿದ್ದೇವೆ. ಹಾಗಲ್ಲವೆಂದು, ಅದು ನಮ್ಮ ನಿಮ್ಮೆಲ್ಲರ ವಿಷಯವೆಂದು ತೋರಿಸುವುದೇ ಈ ಮಾತಿನ ಉದ್ದೇಶ.

ನಮ್ಮ ಶಿರಗುಪ್ಪಿ ಹುಬ್ಬಳ್ಳಿ ತಾಲೂಕಿನ ಒಂದು ಹೋಬಳಿಯ ಊರು. ಸುತ್ತ ಎರೆ ಭೂಮಿ. ಹೆಸರು, ಹತ್ತಿ, ಹಿಂಗಾರಿ ಜೋಳ, ಕಡಲೆ ಇವೇ ಬದುಕು. ಇಂಥ ಊರುಗಳಲ್ಲಿ ರಾತ್ರಿ ಎಚ್ಚರವಿರುವುದು ಹೊಸ ಸಂಗತಿಯೇನಲ್ಲ. ಫಸಲು ಕೈಗೆ ಬರುವ ಕಾಲದಲ್ಲಿ ಹೊಲದ ಅಟ್ಟಣಿಗೆಯ ಮೇಲೆ ಕುಳಿತು ಬೆಳೆ ಕಾಯ್ದವರು, ರಾಶಿಯ ಕಾಲದಲ್ಲಿ ಕಣದಲ್ಲೇ ಮಲಗಿ ಎದ್ದವರು ಎಲ್ಲ ಮನೆಗಳಲ್ಲೂ ಇದ್ದಾರೆ. ರಾತ್ರಿ ಹೊಲ ಕಾಯ್ದು ಬಂದವನು ಹಗಲು ಪಡಸಾಲೆಯಲ್ಲಿ ಮಲಗಿದರೆ, "ಅವನನ್ನು ಎಬ್ಬಿಸಬೇಡಿರಿ" ಎಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದರು. ಆ ಗದರಿಕೆಯಲ್ಲಿ ಒಂದು ತಿಳಿವಳಿಕೆಯಿತ್ತು: ರಾತ್ರಿಯನ್ನು ಕೊಟ್ಟವನಿಗೆ ಹಗಲನ್ನು ಹಿಂದಿರುಗಿಸಬೇಕು.

ಊರಿನ ಕಾವಲಿಗೂ ಹಿಂದೆ ಒಂದು ವ್ಯವಸ್ಥೆಯಿತ್ತು. ಧಾರವಾಡ ಜಿಲ್ಲೆ ಮುಂಬಯಿ ಆಧಿಪತ್ಯದಲ್ಲಿದ್ದ ಕಾಲಕ್ಕೆ 1867ರ ಗ್ರಾಮ ಪೋಲೀಸ್ ಕಾಯಿದೆಯ ಮೇರೆಗೆ ಊರ ಪೋಲೀಸ್ ಪಾಟೀಲನಿದ್ದ. ಅವನ ಕೈಕೆಳಗೆ ತಳವಾರ, ವಾಲೀಕಾರರಿದ್ದರು. ತಳವಾರನ ರಾತ್ರಿಯ ಕಾವಲಿಗೆ ಪ್ರತಿಯಾಗಿ ವತನದ ಭೂಮಿ ಇತ್ತು, ಕಣದಲ್ಲಿ ಆಯ ಇತ್ತು. ಆ ವ್ಯವಸ್ಥೆ ಹುಟ್ಟಿಗೆ ಕಟ್ಟಿದ ವ್ಯವಸ್ಥೆ. ಅದರಲ್ಲಿ ಅನ್ಯಾಯ ಬಹಳವಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಕಾಯಿದೆ ಅದನ್ನು ಕೊನೆಗಾಣಿಸಿದ್ದು ಒಳ್ಳೆಯದೇ ಆಯಿತು. ಅಂದಿನಿಂದ ನಮ್ಮ ರಾತ್ರಿಯ ಹೊಣೆಯೆಲ್ಲ ಸಂಬಳದ ಪೋಲೀಸರ ಮೇಲೆ ಬಿತ್ತು. ಆದರೆ ಹಳೆಯ ತಳವಾರನಿಗೆ ಕಾಯಲು ಇದ್ದದ್ದು ಒಂದು ಊರು. ಇಂದಿನ ಗ್ರಾಮೀಣ ಠಾಣೆಯ ಕಾನ್‌ಸ್ಟೇಬಲನಿಗೆ ಹತ್ತಾರು ಊರುಗಳ ಬೀಟು, ಹೆದ್ದಾರಿಯ ಗಸ್ತು, ನ್ಯಾಯಾಲಯದ ಸಮನ್ಸು, ಕೈದಿಯ ಬೆಂಗಾವಲು, ಶವಪಂಚನಾಮೆ, ಮಂತ್ರಿಗಳ ಆಗಮನ, ಜಾತ್ರೆ, ಚುನಾವಣೆ ಇಷ್ಟೆಲ್ಲ ಉಂಟು. ಹುಬ್ಬಳ್ಳಿಯಲ್ಲಿ ಗಣೇಶನ ವಿಸರ್ಜನೆಯೋ ರಂಗಪಂಚಮಿಯೋ ಬಂದಿತೆಂದರೆ ಸುತ್ತಲಿನ ಠಾಣೆಗಳಿಂದಲೂ ಜನ ಅಲ್ಲಿಗೆ ಹೋಗಬೇಕಾಗುತ್ತದೆ. ಹೋದವರ ಕೆಲಸ ಉಳಿದವರ ಹೆಗಲಿಗೆ ಬೀಳುತ್ತದೆ. ಬಂದೋಬಸ್ತು ಮುಗಿಸಿ ಬಂದವರಿಗೆ ಮರುದಿನದ ಹಾಜರಿ ಕಾದಿರುತ್ತದೆ.

ಇದಕ್ಕೆಲ್ಲ ಮೂಲದಲ್ಲಿ ಕಾನೂನಿನ ಒಂದು ಕಲ್ಪನೆಯಿದೆ. 1861ರ ಪೋಲೀಸ್ ಕಾಯಿದೆಯ 22ನೆಯ ಕಲಮು ಪೋಲೀಸ್ ಅಧಿಕಾರಿಯನ್ನು ಸದಾಕಾಲವೂ ಕರ್ತವ್ಯದ ಮೇಲಿರುವವನೆಂದು ಭಾವಿಸುತ್ತದೆ. ಮುಂದೆ 1951ರ ಮುಂಬಯಿ ಪೋಲೀಸ್ ಕಾಯಿದೆಯ 28ನೆಯ ಕಲಮೂ ಅದೇ ಮಾತನ್ನು ಹೇಳಿತು. 1857ರ ದಂಗೆಯ ನೆನಪು ಹಸಿಯಾಗಿದ್ದಾಗ ಹುಟ್ಟಿದ ಕಲ್ಪನೆ ಇದು. ಮನೆಗೆ ಬೆಂಕಿ ಬಿದ್ದಾಗ ಕಾನ್‌ಸ್ಟೇಬಲನು "ನನ್ನ ಹೊತ್ತು ಮುಗಿಯಿತು" ಎಂದು ನಡೆದುಬಿಡಬಾರದೆಂಬ ಅರ್ಥದಲ್ಲಿ ಅದು ಸರಿಯಾದದ್ದೆ. ಆದರೆ ಆಪತ್ಕಾಲಕ್ಕೆ ಹೇಳಿದ ಮಾತನ್ನು ನಾವು ನಿತ್ಯದ ವೇಳಾಪಟ್ಟಿಯನ್ನಾಗಿ ಮಾಡಿಕೊಂಡೆವು. 1948ರ ಕಾರ್ಖಾನೆ ಕಾಯಿದೆ ಕಾರ್ಮಿಕನ ದಿನದ ದುಡಿಮೆ 9 ಗಂಟೆ ಮೀರಬಾರದು, ವಾರದ್ದು 48 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಇರಬೇಕು ಎಂದು ವಿಧಿಸಿತು. ಗದಗಿನ ದಾರಿಯಲ್ಲಿ ರೈಲು ಓಡಿಸುವವನಿಗೆ ಎಷ್ಟು ಹೊತ್ತು ಓಡಿಸಿದ ಮೇಲೆ ಎಷ್ಟು ವಿಶ್ರಾಂತಿ ಎಂಬ ಬರಹದ ನಿಯಮವಿದೆ, ಮಲಗಲು ರನ್ನಿಂಗ್ ರೂಮೂ ಇದೆ. ಏಕೆಂದರೆ ಅವನು ತೂಕಡಿಸಿದರೆ ಪ್ರಯಾಣಿಕರು ಸಾಯುತ್ತಾರೆಂಬುದು ಎಲ್ಲರಿಗೂ ಕಾಣುತ್ತದೆ. ಪೋಲೀಸನು ತೂಕಡಿಸಿದರೆ ಆಗುವ ಹಾನಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದ್ದರಿಂದ ಅದು ಇಲ್ಲವೆಂದೇ ತಿಳಿದೆವು.

ಹಾನಿ ಇದೆಯೆಂದು ದೇಹವನ್ನು ಬಲ್ಲವರು ಹೇಳುತ್ತಾರೆ. ನಮ್ಮ ಒಡಲೊಳಗೆ ಒಂದು ಗಡಿಯಾರವಿದೆ. ಅದು ಜೀವಕೋಶಗಳ ಮಟ್ಟದಲ್ಲೇ ನಡೆಯುವ ಲಯ. ಆ ಲಯದ ಒಳಗುಟ್ಟನ್ನು ಕಂಡುಹಿಡಿದ ಹಾಲ್, ರಾಸ್ಬಾಷ್ ಮತ್ತು ಯಂಗ್ ಎಂಬ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಗಲು ಬೆಳಕಿಗೆ ಹೊಂದಿಕೊಂಡ ಈ ಗಡಿಯಾರ, ಆಜ್ಞೆಯ ಮೇರೆಗೆ ಮುಳ್ಳನ್ನು ತಿರುಗಿಸುವುದಿಲ್ಲ. ನಸುಕಿನ 3ರಿಂದ 5 ಗಂಟೆಯ ಹೊತ್ತಿಗೆ ಮೈಯ ಕಾವು ಇಳಿಯುತ್ತದೆ, ಎಚ್ಚರ ಕುಗ್ಗುತ್ತದೆ. ಆ ಹೊತ್ತಿನಲ್ಲೇ ಗಸ್ತಿನವನು ಕಣ್ಣು ತೆರೆದಿರಬೇಕು. ಬೆಳಗಿನ ಹೊತ್ತು ಮನೆಗೆ ಬಂದು ಮಲಗಿದರೆ ಒಡಲು ಏಳುವ ಹೊತ್ತಾಗಿರುತ್ತದೆ. ಆದ್ದರಿಂದ ಹಗಲಿನ ನಿದ್ದೆ ರಾತ್ರಿಯ ನಿದ್ದೆಗಿಂತ ಕಿರಿದು, ತೆಳುವು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳಿದರು. ಪೋಲೀಸ್ ವಸತಿಗೃಹದ ಹಗಲು ಒಂದು ಸಂತೆಯೇ: ಕುಕ್ಕರಿನ ಸೀಟಿ, ಶಾಲೆಗೆ ಹೊರಟ ಮಕ್ಕಳ ಗದ್ದಲ, ತಲೆದಿಂಬಿನ ಪಕ್ಕದಲ್ಲೇ ಇಟ್ಟ ಮೊಬೈಲು. ಚಿಂತೆಯಂತೂ ಇದ್ದೇ ಇದೆ. ಠಾಣೆಯಿಂದ ಕರೆ ಯಾವಾಗ ಬರುವುದೋ ತಿಳಿಯದು.

1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಿಡದೆ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುವುದೆಂದೂ, 24 ಗಂಟೆ ಎಚ್ಚರವಿದ್ದರೆ ಅದರ ಇಮ್ಮಡಿ ಮದ್ಯ ಸೇವಿಸಿದವನಂತೆ ಆಗುವುದೆಂದೂ ಅವರು ಕಂಡುಕೊಂಡರು. ನಮ್ಮ ದೇಶದ ಮೋಟಾರು ವಾಹನ ಕಾಯಿದೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದವನನ್ನು ಅಪರಾಧಿಯೆನ್ನುತ್ತದೆ. ಇನ್ನು ಹೆದ್ದಾರಿಯ ಬದಿಯ ನಡುರಾತ್ರಿಯ ತಪಾಸಣೆಯನ್ನು ನೆನೆಯಿರಿ. ಬೆಳಗಿನ ಹಾಜರಿಗೆ ನಿಂತು, ಮಧ್ಯಾಹ್ನ ನ್ಯಾಯಾಲಯಕ್ಕೆ ಹೋಗಿ, ಸಂಜೆ ಮೆರವಣಿಗೆಗೆ ಕಾವಲಿದ್ದು, ರಾತ್ರಿ ರಸ್ತೆಗೆ ಬಂದ ಪೋಲೀಸನು ಲಾರಿಯ ಚಾಲಕನ ಬಾಯಿಗೆ ಯಂತ್ರವನ್ನು ಒಡ್ಡುತ್ತಾನೆ. ಒಂದು ತೊಟ್ಟನ್ನೂ ಕುಡಿಯದ ಆ ಪೋಲೀಸನ ಚುರುಕು, ಅವನು ಹಿಡಿಯಹೊರಟ ಕುಡುಕನ ಚುರುಕಿಗಿಂತ ಹೆಚ್ಚಿನದೇನೂ ಆಗಿರಲಾರದು. ದಣಿವನ್ನು ಅಳೆಯುವ ಯಂತ್ರವೊಂದಿದ್ದರೆ ಯಾರು ಯಾರಿಗೆ ಅದನ್ನು ಒಡ್ಡಬೇಕಾಗುತ್ತಿತ್ತು?

ದಣಿವಿನ ಫಲ ತೂಕಡಿಕೆಯಷ್ಟೇ ಆಗಿದ್ದರೆ ಅದರ ಅಪಾಯಕ್ಕೊಂದು ಮೇರೆಯಿರುತ್ತಿತ್ತು. ಅದು ಸಿಟ್ಟಾಗಿಯೂ ಹೊರಬೀಳುತ್ತದೆ. 2011ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಉತ್ತರ ಅಮೆರಿಕದ 4,957 ಪೋಲೀಸರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇಕಡಾ 40ರಷ್ಟು ಜನರಿಗೆ ಯಾವುದಾದರೊಂದು ನಿದ್ರಾದೋಷದ ಲಕ್ಷಣ ಕಂಡುಬಂದಿತ್ತು. ಅಂಥವರು ಕಡತಗಳಲ್ಲಿ ಹೆಚ್ಚು ತಪ್ಪು ಮಾಡಿದರು, ವಾಹನ ನಡೆಸುವಾಗ ಹೆಚ್ಚು ಸಲ ಕಣ್ಣು ಮುಚ್ಚಿದರು. ಅಷ್ಟೇ ಅಲ್ಲ, ಆಪಾದಿತರ ಮೇಲೋ ನಾಗರಿಕರ ಮೇಲೋ ಹಿಡಿತ ತಪ್ಪಿ ಸಿಟ್ಟಾದೆವೆಂದು ಅವರಲ್ಲಿ ಶೇಕಡಾ 34ರಷ್ಟು ಮಂದಿ ಒಪ್ಪಿಕೊಂಡರು. ನಿದ್ದೆ ನೆಟ್ಟಗಿದ್ದವರಲ್ಲಿ ಈ ಪ್ರಮಾಣ ಶೇಕಡಾ 28ರಷ್ಟು. ವ್ಯತ್ಯಾಸ ಸಣ್ಣದೆಂದು ತೋರಬಹುದು. ಠಾಣೆಯ ಮೆಟ್ಟಿಲೇರುವ ಬಡವನಿಗೆ ಆ ಸಣ್ಣ ವ್ಯತ್ಯಾಸ ಸಣ್ಣದಲ್ಲ. ಕಳುವಾದ ಎತ್ತಿನ ದೂರು ಬರೆಯಿಸಿಕೊಳ್ಳುವವನು ನಿದ್ದೆ ಮಾಡಿ ಬಂದವನೋ, ನಿದ್ದೆಗೆಟ್ಟವನೋ ಎಂಬುದರ ಮೇಲೆ ದೂರಿನ ಹಣೆಬರಹ ನಿಂತಿರುತ್ತದೆ.

ಮೈಗೆ ಆಗುವ ಕೇಡು ಬೇರೆ. ಅಮೆರಿಕದ ಬಫಲೋ ನಗರದ ಪೋಲೀಸರನ್ನು ಬಹುಕಾಲ ಗಮನಿಸಿದ ವೈಯೊಲಾಂಟಿ ಮತ್ತು ಅವರ ಸಂಗಡಿಗರು, ರಾತ್ರಿಯ ಪಾಳಿಯವರಲ್ಲಿ ಹೊಟ್ಟೆಯ ಕೊಬ್ಬು, ರಕ್ತದೊತ್ತಡ, ಸಕ್ಕರೆಯ ಏರಿಕೆ ಇವು ಗುಂಪುಗೂಡಿ ಬರುವುದು ಹೆಚ್ಚೆಂದು 2009ರಲ್ಲಿ ವರದಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಒಡಲ ಲಯವನ್ನು ಕೆಡಿಸುವ ಪಾಳಿಯ ದುಡಿಮೆಯನ್ನು ಬಹುಶಃ ಕ್ಯಾನ್ಸರ್‌ಕಾರಕವಾದವುಗಳ ಪಟ್ಟಿಗೆ 2007ರಲ್ಲಿ ಸೇರಿಸಿತು; 2019ರಲ್ಲಿ ಮತ್ತೆ ವಿಚಾರಿಸಿ ರಾತ್ರಿಯ ಪಾಳಿಯನ್ನು ಅದೇ ಪಟ್ಟಿಯಲ್ಲಿ ಉಳಿಸಿತು. ಹೊಟ್ಟೆ ಬಂದ ಪೋಲೀಸನನ್ನು ಕಂಡು ನಾವು ನಗುತ್ತೇವೆ. ಹೊತ್ತಲ್ಲದ ಹೊತ್ತಿನಲ್ಲಿ ತಿಂದ ಮಿರ್ಚಿ-ಮಂಡಕ್ಕಿ, ಮೇಲಿಂದ ಮೇಲೆ ಕುಡಿದ ಚಹ, ಅರ್ಧಕ್ಕೆ ಹರಿದ ನಿದ್ದೆ ಇವೆಲ್ಲ ಸೇರಿ ಆ ಹೊಟ್ಟೆಯಾಯಿತೆಂಬುದು ನಮಗೆ ಹೊಳೆಯುವುದಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ತೂಕ ಹೆಚ್ಚಿನದು. ರಾತ್ರಿಯ ಕರ್ತವ್ಯ ಮುಗಿಸಿ ಬಂದ ಗಂಡಸಿಗೆ ಹಾಸಿಗೆಯಾದರೂ ಉಂಟು. ಹೆಂಗಸಿಗೆ ಮೊದಲು ಒಲೆ, ಆಮೇಲೆ ಮಕ್ಕಳ ತಲೆಬಾಚಣಿಗೆ, ಉಳಿದರೆ ಹಾಸಿಗೆ. ಬಂದೋಬಸ್ತಿನ ಜಾಗದಲ್ಲಿ ಶೌಚದ ಅನುಕೂಲವಿಲ್ಲದೆ, ನೀರು ಕುಡಿಯುವುದನ್ನೇ ಬಿಟ್ಟು ದಿನವಿಡೀ ನಿಲ್ಲುವ ಮಹಿಳಾ ಪೋಲೀಸರನ್ನು ನಮ್ಮ ಜಾತ್ರೆಗಳಲ್ಲೇ ಕಾಣಬಹುದು.

ಇದೆಲ್ಲ ಸರಕಾರಕ್ಕೆ ತಿಳಿಯದ ಸಂಗತಿಯೆಂದಲ್ಲ. ಧರ್ಮವೀರರ ಹೆಸರು ನಮ್ಮ ಕೇಳುಗರಲ್ಲಿ ಹಿರಿಯರಿಗೆ ನೆನಪಿರಬಹುದು. ಅವರು 1969ರಿಂದ 1972ರವರೆಗೆ ನಮ್ಮ ರಾಜ್ಯದ ರಾಜ್ಯಪಾಲರಾಗಿದ್ದರು. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸ್ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಯೋಗದ 1979ರ ಮೊದಲ ವರದಿಯೇ ಕೆಳದರ್ಜೆಯ ಪೋಲೀಸರ ದುಡಿಮೆ ದಿನಕ್ಕೆ 10ರಿಂದ 16 ಗಂಟೆ, ಅದೂ ವಾರದ ಏಳೂ ದಿನ ಎಂದು ಎತ್ತಿ ತೋರಿಸಿತು. 35 ವರ್ಷ ಕಳೆದ ಮೇಲೆ, 2014ರಲ್ಲಿ, ಕೇಂದ್ರದ ಪೋಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೋದ ಪರವಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು ದೇಶದ 12,000ಕ್ಕೂ ಹೆಚ್ಚು ಠಾಣಾ ಸಿಬ್ಬಂದಿಯನ್ನು ವಿಚಾರಿಸಿತು. ನೂರಕ್ಕೆ ಸುಮಾರು 90 ಮಂದಿ 8 ಗಂಟೆಗಿಂತ ಹೆಚ್ಚು ದುಡಿಯುತ್ತಿದ್ದರು. ನೂರಕ್ಕೆ 73 ಮಂದಿಗೆ ತಿಂಗಳಿಗೊಂದು ವಾರದ ರಜೆಯೂ ದೊರೆಯುತ್ತಿರಲಿಲ್ಲ. ಮುಕ್ಕಾಲು ಪಾಲು ಜನ ಈ ದುಡಿಮೆಯಿಂದ ತಮ್ಮ ಆರೋಗ್ಯ ಕೆಟ್ಟಿತೆಂದರು. ಎರಡು ವರದಿಗಳ ನಡುವೆ ಒಂದು ತಲೆಮಾರಿನ ಪೋಲೀಸರು ಸೇವೆಗೆ ಸೇರಿ, ನಿವೃತ್ತರೂ ಆಗಿದ್ದರು.

ನಮ್ಮ ರಾಜ್ಯದಲ್ಲಿ ಈ ಅಸಮಾಧಾನ ಬೀದಿಯ ಅಂಚಿನವರೆಗೆ ಬಂದದ್ದು 2016ರಲ್ಲಿ. ಸಂಬಳ, ರಜೆ, ದುಡಿಮೆಯ ಹೊತ್ತು, ಮೇಲಧಿಕಾರಿಗಳ ನಡವಳಿಕೆ ಇವುಗಳನ್ನು ಮುಂದಿಟ್ಟುಕೊಂಡು ಜೂನ್ 4ರಂದು ಸಾಮೂಹಿಕ ರಜೆ ಹಾಕಬೇಕೆಂದು ಕರೆ ಹೊರಟಿತು. ಸಾವಿರಾರು ಮಂದಿ ರಜೆಯ ಅರ್ಜಿ ಬರೆದರು. ಕರೆ ಕೊಟ್ಟ ಸಂಘದ ಅಧ್ಯಕ್ಷರನ್ನು ರಾಜದ್ರೋಹದ ಆಪಾದನೆಯ ಮೇಲೆ ಬಂಧಿಸಲಾಯಿತು. ಸಂಘ ಕಟ್ಟುವ ಪೋಲೀಸರ ಹಕ್ಕನ್ನು 1966ರ ಕಾಯಿದೆಯೊಂದು ಮೊದಲೇ ಮಿತಗೊಳಿಸಿದೆ. ಆ ದಿನ ಠಾಣೆಗಳು ಮುಚ್ಚಲಿಲ್ಲ. ಆದರೆ ಮಾತು ಸರಕಾರಕ್ಕೆ ಮುಟ್ಟಿತು. ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ ಅವರ ಸಮಿತಿ ನೇಮಕವಾಯಿತು, ಅದರ ಫಲವಾಗಿ 2019ರಲ್ಲಿ ವೇತನ ಒಂದಷ್ಟು ಏರಿತು. ಸಂಬಳ ಏರಿದ್ದು ನ್ಯಾಯವೇ. ಆದರೆ ಹಣದಿಂದ ಕೊಳ್ಳಲಾಗದ ವಸ್ತುಗಳಲ್ಲಿ ನಿದ್ದೆಯೂ ಒಂದು.

ಅದೇ 2016ರ ಜುಲೈ ಕೊನೆಯಲ್ಲಿ, ಅಂದರೆ ಎರಡು ತಿಂಗಳೂ ತುಂಬುವ ಮೊದಲು, ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ನಮಗೆ ಪ್ರತಿಕೂಲವಾಗಿ ಬಂದು ನೆರೆಯ ನವಲಗುಂದ ತಾಲೂಕು ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೋಲೀಸರು ಮನೆಗಳಿಗೆ ನುಗ್ಗಿ ಮುದುಕರನ್ನೂ ಹೆಂಗಸರನ್ನೂ ಬಡಿದದ್ದನ್ನು ನಾಡೆಲ್ಲ ದೂರದರ್ಶನದ ತೆರೆಯ ಮೇಲೆ ನೋಡಿತು. ಆ ಕ್ರೌರ್ಯಕ್ಕೆ ದಣಿವೇ ಕಾರಣವೆಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಪೆಟ್ಟು ತಿಂದವರಿಗೆ ಅನ್ಯಾಯವಾಗುತ್ತದೆ. ಲಾಠಿ ಎತ್ತಿದ ಕೈಯ ಹೊಣೆಯನ್ನು ಆ ಕೈಯೇ ಹೊರಬೇಕು. ಆದರೂ ಒಂದು ಮಾತು ಉಳಿಯುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಕಷ್ಟ ಕೇಳಿರೆಂದವರೂ, ಜುಲೈಯಲ್ಲಿ ರೈತನ ಕಷ್ಟದ ಎದುರು ನಿಂತವರೂ ಒಂದೇ ಖಾಕಿಯವರು. ಅವರಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದಲೇ ಹೋದವರು. ದಣಿದವನನ್ನು ಕ್ಷಮಿಸುವುದು ಬೇರೆ, ಅವನನ್ನು ದಣಿಸದೆ ಇರುವುದು ಬೇರೆ. ಮೊದಲನೆಯದನ್ನು ನಾನು ಬೇಡುತ್ತಿಲ್ಲ. ಎರಡನೆಯದನ್ನು ಮಾಡಿದರೆ, ಕ್ಷಮೆ ಬೇಡುವ ಪ್ರಸಂಗಗಳಾದರೂ ಕಡಮೆಯಾಗಬಹುದು.

ಹಾಗಾದರೆ ಉಪಾಯವೇನು? ಮುಂಬಯಿಯ ದೇವನಾರ ಠಾಣೆಯಲ್ಲಿ 2016ರ ಮೇ ತಿಂಗಳಿಂದ 8 ಗಂಟೆಯ ಪಾಳಿಯನ್ನು ಪ್ರಯೋಗಕ್ಕೆ ತಂದರು. ಅದರ ಯೋಜನೆಯನ್ನು ಹಾಕಿಕೊಟ್ಟವರು ಒಬ್ಬ ಕಾನ್‌ಸ್ಟೇಬಲರು. ಅದನ್ನು ಕಿವಿಗೊಟ್ಟು ಕೇಳಿದವರು ಅಂದಿನ ಕಮಿಷನರ್ ದತ್ತಾ ಪಡಸಲಗೀಕರ. ಮರುವರ್ಷ ಅದು ನಗರದ ಉಳಿದ ಠಾಣೆಗಳಿಗೂ ಹಬ್ಬಿತು. ಮೇಲಿನವರು ಮನಸ್ಸು ಮಾಡಿದರೆ ದಾರಿಯುಂಟೆಂಬುದಕ್ಕೆ ಇದು ನಿದರ್ಶನ. ಆದರೆ ಹೈದರಾಬಾದಿನ ಅಧ್ಯಯನದ ಲೆಕ್ಕದ ಮೇರೆಗೆ ಮೂರು ಪಾಳಿಗೆ ಠಾಣೆಗಳಲ್ಲಿ ಮಂಜೂರಾದ ಸಂಖ್ಯೆಯ 1.68 ಪಟ್ಟು ಜನ ಬೇಕು. ಮಂಜೂರಾದ ಹುದ್ದೆಗಳೇ ಖಾಲಿಯಿರುವಲ್ಲಿ ಇದು ದೂರದ ಮಾತಾಗಿ ಕೇಳಿಸೀತು.

8 ಎಂಬ ಅಂಕಿಯಲ್ಲಿಯೂ ಮಂತ್ರಶಕ್ತಿಯೇನಿಲ್ಲ. ಅಮೆರಿಕದ ಡೆಟ್ರಾಯಿಟ್ ಮತ್ತು ಆರ್ಲಿಂಗ್ಟನ್ ನಗರಗಳಲ್ಲಿ ಪೋಲೀಸ್ ಫೌಂಡೇಶನ್ ನಡೆಸಿದ ಪರೀಕ್ಷೆಯ ಫಲ 2011ರಲ್ಲಿ ಹೊರಬಂದಾಗ, 10 ಗಂಟೆಯ ಪಾಳಿಯವರೇ 8 ಗಂಟೆಯವರಿಗಿಂತ ಹೆಚ್ಚು ನಿದ್ದೆ ಮಾಡಿದ್ದರು. ವಾರದಲ್ಲಿ ಬಿಡುವಿನ ದಿನಗಳು ಅವರಿಗೆ ಹೆಚ್ಚಿದ್ದವು. 12 ಗಂಟೆಯವರ ಎಚ್ಚರ ಮಾತ್ರ ಕುಗ್ಗಿತ್ತು. ಎಂದರೆ ಗಂಟೆಗಳ ಎಣಿಕೆಯಷ್ಟೇ ಮುಖ್ಯವಾದದ್ದು ಎರಡು ದುಡಿಮೆಗಳ ನಡುವಣ ಬಿಡುವು, ಮತ್ತು ಆ ಬಿಡುವು ಮುರಿಯುವುದಿಲ್ಲವೆಂಬ ಭರವಸೆ. ಪಾಳಿ ಬದಲಾಗುವ ದಿಕ್ಕೂ ಮುಖ್ಯ. ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಸಾಗುವ ಪಾಳಿಯನ್ನು ಒಡಲು ಸಹಿಸುತ್ತದೆ. ಹಿಂದೆ ಸಾಗುವುದನ್ನು ಸಹಿಸದು. ನಮ್ಮೊಳಗಿನ ಗಡಿಯಾರದ ದಿನ 24 ಗಂಟೆಗಿಂತ ತುಸು ದೀರ್ಘವಾದದ್ದೇ ಇದಕ್ಕೆ ಕಾರಣ. 1982ರಷ್ಟು ಹಿಂದೆಯೇ ಝೈಸ್ಲರ್ ಮತ್ತು ಅವರ ಸಂಗಡಿಗರು ಅಮೆರಿಕದ ಯೂಟಾ ಪ್ರಾಂತದ ಖನಿಜ ಕಾರ್ಖಾನೆಯೊಂದರಲ್ಲಿ ಇದನ್ನು ಮಾಡಿ ತೋರಿಸಿದರು. ಪಾಳಿಯ ಪಟ್ಟಿಯನ್ನು ಹದಿನೈದು ದಿನ ಮೊದಲು ಗೋಡೆಗೆ ಅಂಟಿಸುವುದಕ್ಕೆ, ಅದನ್ನು ಮುಂದಕ್ಕೆ ತಿರುಗಿಸುವುದಕ್ಕೆ, ರಾತ್ರಿಯ ಗಸ್ತಿನವನನ್ನು ಮರುದಿನದ ಸಮನ್ಸಿಗೆ ಕಳುಹಿಸದಿರುವುದಕ್ಕೆ ಹೊಸ ಹುದ್ದೆಗಳು ಬೇಕಿಲ್ಲ. ಇನ್‌ಸ್ಪೆಕ್ಟರರ ಒಂದು ಹಾಳೆ ಕಾಗದ ಸಾಕು.

ಸರಕಾರ ಮಾಡಬೇಕಾದದ್ದನ್ನು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಪೋಲೀಸರ ಹೊತ್ತನ್ನು ನುಂಗುವವರಲ್ಲಿ ನಾವೂ ಇದ್ದೇವೆ. ಹೊತ್ತು ಮುಳುಗುವ ಮುನ್ನ ಹೊರಡಬೇಕಾದ ನಮ್ಮ ಮೆರವಣಿಗೆ ನಡುರಾತ್ರಿಗೆ ಹೊರಡುತ್ತದೆ. ನಡುರಾತ್ರಿ ಮುಗಿಯಬೇಕಾದದ್ದು ಕೋಳಿ ಕೂಗಿದರೂ ಮುಗಿಯದು. ಮಂತ್ರಿಗಳು ಮೂರು ತಾಸು ತಡವಾಗಿ ಬಂದರೆ ನಾವು ಶಾಮಿಯಾನದ ನೆರಳಿನಲ್ಲಿ ಕಾಯುತ್ತೇವೆ, ಅವರು ಬಿಸಿಲಿನಲ್ಲಿ ಕಾಯುತ್ತಾರೆ. ಒಡ್ಡಿನ ಜಗಳವನ್ನು ನಾಲ್ಕು ಮಂದಿ ಕಟ್ಟೆಯ ಮೇಲೆ ಕುಳಿತು ಬಗೆಹರಿಸಿಕೊಳ್ಳಬಹುದಾದಾಗಲೂ ರಾತ್ರಿ ಹನ್ನೊಂದಕ್ಕೆ ಠಾಣೆಗೆ ಓಡುತ್ತೇವೆ.

ಈ ಸಲ ಗಣೇಶನ ಹಬ್ಬಕ್ಕೆ ಮಂಡಳಿಯವರು ಸಭೆ ಸೇರಿದಾಗ ಒಂದು ಲೆಕ್ಕ ಹಾಕಿ ನೋಡಬಹುದು. ವಿಸರ್ಜನೆಯ ಮೆರವಣಿಗೆಯನ್ನು ಗೊತ್ತಾದ ಹೊತ್ತಿಗೆ ಹೊರಡಿಸಿ, ಗೊತ್ತಾದ ಹೊತ್ತಿಗೆ ಮುಗಿಸಿದರೆ ಎಷ್ಟು ಜನ ಪೋಲೀಸರು ಆ ರಾತ್ರಿ ನಾಲ್ಕು ತಾಸಾದರೂ ಮಲಗುತ್ತಾರೆ? ಅವರು ಮರುದಿನ ನಮ್ಮ ರಸ್ತೆಯ ಮೇಲೆ, ನಮ್ಮ ಠಾಣೆಯಲ್ಲಿ, ನಮ್ಮ ಮಕ್ಕಳ ಶಾಲೆಯ ಮುಂದಿನ ತಿರುವಿನಲ್ಲಿ ನಿಲ್ಲಬೇಕಾದವರು. ಆ ಲೆಕ್ಕವನ್ನು ಸಭೆಯ ನಡಾವಳಿಯಲ್ಲಿ ಬರೆದು, ಅದರಂತೆ ನಡೆದುಕೊಂಡರೆ ಅದಕ್ಕೆ ಯಾವ ಆಯೋಗದ ಶಿಫಾರಸೂ ಬೇಕಾಗುವುದಿಲ್ಲ.